ಮಂಚಿಕೇರಿಯಲ್ಲಿ ನೈಜೀರಿಯಾ

ಪ್ರತಿ ವರ್ಷ ನವೆಂಬರ್ ತಿಂಗಳು ಬಂತೆಂದರೆ ನಮ್ಮ ಸಂಘದ ವೇದಿಕೆಯ ಮೇಲೆ ಇಡೀ ಕರ್ನಾಟಕವೇ ಮೆರವಣಿಗೆ ಹೊರಡುತ್ತದೆ. ಕೊಡವರ ಕುಪ್ಪಸ, ಯಕ್ಷಗಾನದ ಕಿರೀಟ, ಕಂಸಾಳೆ, ಡೊಳ್ಳು, ಇಳಕಲ್ ಸೀರೆಯುಟ್ಟ ಪುಟ್ಟ ಹುಡುಗಿಯರು, ಕಡೆಯಲ್ಲಿ ನಾಡಗೀತೆ. ಇದಕ್ಕಾಗಿ ಎರಡು ತಿಂಗಳು ಹೆಣಗುವ ತಾಯಂದಿರ ಶ್ರಮವನ್ನು ಬಲ್ಲ ಯಾರೂ ಅದರಲ್ಲಿ ಕುಂದು ಹುಡುಕಲಾರರು. ಆದರೂ ಒಂದು ಮಾತನ್ನು ಸದಸ್ಯ ಬಾಂಧವರ ಮುಂದಿಡಬೇಕಾಗಿದೆ. ಈ ಮೆರವಣಿಗೆಯಲ್ಲಿ ಕನ್ನಡ ನಾಡಿನ ಒಂದು ಜನ ಒಮ್ಮೆಯೂ ಕಾಣಿಸಿಕೊಂಡಿಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಕುರಿತು ಹೇಳುತ್ತಿದ್ದೇನೆ. ಅವರನ್ನು ನಾವು ಮರೆತಿದ್ದೇವೆ ಎನ್ನಲೂ ಬರುವಂತಿಲ್ಲ. ನಮ್ಮಲ್ಲಿ ಬಹಳ ಮಂದಿಗೆ ಅವರ ವಿಚಾರ ಗೊತ್ತೇ ಇಲ್ಲ. ಗೊತ್ತಿರುವ ಕೆಲವರು "ಓ, ಆ ಆಫ್ರಿಕಾದವರಾ" ಎಂದು ಅಲ್ಲಿಗೇ ಮಾತು ಮುಗಿಸುತ್ತಾರೆ.

ನನ್ನ ತಕರಾರಿರುವುದು ಈ ಕೊನೆಯ ಮಾತಿನ ಮೇಲೆ. ಕರ್ನಾಟಕದಲ್ಲಿ ಹತ್ತಾರು ತಲೆಮಾರು ಬಾಳಿದವರನ್ನು ಆಫ್ರಿಕಾದವರು ಎನ್ನುವುದು ಒಂದು ತಪ್ಪು. ಐವತ್ತಕ್ಕೂ ಮಿಕ್ಕಿದ ದೇಶಗಳಿರುವ ಒಂದು ಖಂಡವನ್ನು ಒಂದು ಊರಿನ ಹೆಸರೆಂಬಂತೆ ಆಡುವುದು ಇನ್ನೊಂದು ತಪ್ಪು. ನಮ್ಮ ಮಕ್ಕಳು ಈ ಎರಡನ್ನೂ ನಮ್ಮಿಂದಲೇ ಕಲಿಯುತ್ತಿದ್ದಾರೆ.

ಎರಡು ಗಂಟನ್ನೂ ಒಟ್ಟಿಗೆ ಬಿಡಿಸಲು ನೆರವಾಗುವ ಒಂದು ಸಂಗತಿ ನಮ್ಮ ನಾಡಿನಲ್ಲೇ ನಡೆದಿದೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಚಿದಂಬರ ರಾವ್ ಜಂಬೆಯವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ನಟರನ್ನಾಗಿಸಿ ಒಂದು ನಾಟಕ ಆಡಿಸಿದರು. ಹೆಸರು "ಕಪ್ಪು ಜನ ಕೆಂಪು ನೆರಳು". ಅದಕ್ಕೆ ಮೂಲ ನೈಜೀರಿಯಾದ ಚಿನುವಾ ಅಚಿಬೆಯವರ "ಥಿಂಗ್ಸ್ ಫಾಲ್ ಅಪಾರ್ಟ್" ಎಂಬ ಕಾದಂಬರಿ. ಪಶ್ಚಿಮ ಆಫ್ರಿಕಾದ ಒಂದು ಹಳ್ಳಿಯ ಕಥೆಯನ್ನು, ಎಂದೋ ಆಫ್ರಿಕಾದಿಂದ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು, ಪಶ್ಚಿಮ ಘಟ್ಟದ ಅಡಿಕೆ ತೋಟಗಳ ನಡುವೆ ನಿಂತು, ಕನ್ನಡದಲ್ಲಿ ಆಡಿದರು. ಕನ್ನಡ ರಂಗಭೂಮಿಯ ದೊಡ್ಡ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ಎಣಿಸುತ್ತೇನೆ. ನೀನಾಸಮ್ ಕಟ್ಟಿ ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದನ್ನು ಬಲ್ಲ ನಮ್ಮ ಹಿರಿಯ ಸದಸ್ಯರೂ ಈ ನಾಟಕದ ಹೆಸರು ಕೇಳಿರಲಾರರು.

ನೈಜೀರಿಯಾ ಎಂದೊಡನೆ ನಮಗೆ ನೆನಪಾಗುವುದು ಪೆಟ್ರೋಲಿಯಂ, ಫುಟ್‌ಬಾಲು, ಮತ್ತು ಲಾಟರಿ ಹೊಡೆದಿದೆ ಎಂದು ಬರುವ ಮೋಸದ ಪತ್ರಗಳು. ಇರಲಿ. ಆ ಹೆಸರೇ ಪರಕೀಯರು ಇಟ್ಟದ್ದು. ನೈಜರ್ ನದಿಯ ಹೆಸರಿನಿಂದ ಅದನ್ನು 1897ರಲ್ಲಿ ಸೂಚಿಸಿದವಳು ಫ್ಲೋರಾ ಶಾ ಎಂಬ ಇಂಗ್ಲಿಷ್ ಪತ್ರಕರ್ತೆ. ಆಕೆ ಮುಂದೆ ಕೈಹಿಡಿದ ಲುಗಾರ್ಡ್ ಸಾಹೇಬ 1914ರಲ್ಲಿ ಉತ್ತರ ದಕ್ಷಿಣಗಳೆರಡನ್ನೂ ಹೊಲಿದು ಒಂದೇ ಆಡಳಿತಕ್ಕೆ ತಂದ. ಹೌಸಾ, ಯೊರುಬಾ, ಇಗ್ಬೊ ಎಂಬ ಮೂರು ದೊಡ್ಡ ಜನ; ಅವರಲ್ಲದೆ ಚಿಕ್ಕ ಪುಟ್ಟ ಜನ ನೂರಾರು; ಭಾಷೆಗಳು 500ಕ್ಕೂ ಹೆಚ್ಚು. ಭಾಷಾವಾರು ಪ್ರಾಂತ್ಯಕ್ಕಾಗಿ ಹೋರಾಡಿ 1956ರಲ್ಲಿ ಒಂದಾದ ನಮಗೆ ಅಂಥ ದೇಶದ ಕಷ್ಟ ತಿಳಿಯಬೇಕು. 1960ರ ಅಕ್ಟೋಬರ್ 1ರಂದು ಸ್ವಾತಂತ್ರ್ಯ ಬಂತು. ಏಳು ವರ್ಷ ತುಂಬುವ ಮೊದಲೇ ಇಗ್ಬೊ ಜನರ ಪೂರ್ವ ಪ್ರಾಂತ್ಯ ಬಯಾಫ್ರಾ ಎಂಬ ಹೆಸರಿನಲ್ಲಿ ಬೇರೆಯಾಗ ಹೊರಟಿತು. 1970ರವರೆಗೆ ನಡೆದ ಯುದ್ಧದಲ್ಲಿ ಗುಂಡಿಗಿಂತ ಹಸಿವಿನಿಂದ ಸತ್ತವರೇ ಹೆಚ್ಚು. ಅಚಿಬೆ ಬಯಾಫ್ರಾದ ಪರವಾಗಿ ನಿಂತವರು.

ಅವರು ಕಾದಂಬರಿಯನ್ನು ಪ್ರಕಟಿಸಿದ್ದು 1958ರಲ್ಲಿ, ವಯಸ್ಸು 27. ಕೈಬರಹದ ಒಂದೇ ಪ್ರತಿಯನ್ನು ಬೆರಳಚ್ಚು ಮಾಡಿಸಲು ಲಂಡನ್ನಿಗೆ ಕಳುಹಿಸಿದಾಗ ಅಲ್ಲಿನವರು ಹಣ ಪಡೆದು ತಿಂಗಳುಗಟ್ಟಲೆ ಸುಮ್ಮನಿದ್ದುಬಿಟ್ಟರಂತೆ. ಸಹೋದ್ಯೋಗಿಯೊಬ್ಬರು ಖುದ್ದಾಗಿ ಹೋಗಿ ವಿಚಾರಿಸಿರದಿದ್ದರೆ ಆ ಪುಸ್ತಕ ಇಂದು ಇರುತ್ತಿರಲಿಲ್ಲ. ಒಂದೇ ಒಂದು ಪ್ರತಿಯನ್ನು ಅಂಚೆಗೆ ಹಾಕುವ ಧೈರ್ಯ! ಪ್ರಯೋಗಶಾಲೆಯ ಟಿಪ್ಪಣಿ ಪುಸ್ತಕಗಳನ್ನೇ ಎರಡೆರಡು ಕಡೆ ಇಡುವ ನಮ್ಮಂಥವರಿಗೆ ಮೈ ಜುಮ್ಮೆನ್ನುತ್ತದೆ.

ಕಥಾನಾಯಕ ಒಕೊಂಕ್ವೊ ಉಮುವೋಫಿಯಾ ಎಂಬ ಊರಿನ ಪೈಲ್ವಾನ, ದೊಡ್ಡ ಬೇಸಾಯಗಾರ. ತಂದೆ ಕೊಳಲೂದುತ್ತ, ಸಾಲ ಮಾಡುತ್ತ ಕಾಲ ಕಳೆದವನು. ತಾನೂ ಹಾಗಾದೇನೋ ಎಂಬ ಭಯವೇ ಮಗನ ಬದುಕನ್ನೆಲ್ಲ ನಡೆಸುತ್ತದೆ. ಮೆದುತನ ತೋರಬಾರದೆಂದು ತನ್ನನ್ನು ಅಪ್ಪಾ ಎಂದು ಕರೆಯುವ ಹುಡುಗನ ಮೇಲೆಯೇ ಕತ್ತಿ ಎತ್ತುತ್ತಾನೆ. ಮುಂದೆ ಅರಿಯದೆ ನಡೆದ ಒಂದು ಕೊಲೆಗಾಗಿ ಏಳು ವರ್ಷ ತಾಯಿಯ ತವರೂರಿನಲ್ಲಿ ದೇಶಾಂತರವಿದ್ದು ಬರುವಷ್ಟರಲ್ಲಿ ಊರಿಗೆ ಮಿಷನರಿಗಳು ಬಂದಿರುತ್ತಾರೆ, ಕೋರ್ಟು ಬಂದಿರುತ್ತದೆ, ಸ್ವಂತ ಮಗನೇ ಇಗರ್ಜಿಗೆ ಸೇರಿರುತ್ತಾನೆ. ಕಡೆಗೆ ಒಕೊಂಕ್ವೊ ನೇಣು ಹಾಕಿಕೊಳ್ಳುತ್ತಾನೆ. ಅದನ್ನು ನೋಡಿದ ಬಿಳಿಯ ಜಿಲ್ಲಾಧಿಕಾರಿ, ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಪ್ಯಾರಾ ಕೊಡಬಹುದು ಎಂದು ಲೆಕ್ಕ ಹಾಕುತ್ತಾನೆ. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ನಮ್ಮ ಸಿದ್ದಿಗಳಿಗೆ ಸಿಕ್ಕಿದ್ದೂ ಅಷ್ಟೇ ಜಾಗ.

ಕನ್ನಡ ಓದುಗರಿಗೆ ಈ ಕಥೆ ಪರಕೀಯವೆನಿಸುವುದಿಲ್ಲ ಎಂಬುದೇ ನನಗೆ ಮುಖ್ಯ. ಶಿವರಾಮ ಕಾರಂತರ "ಚೋಮನ ದುಡಿ" ಬಂದದ್ದು 1933ರಲ್ಲಿ, ಅಚಿಬೆಗಿಂತ 25 ವರ್ಷ ಮೊದಲು. ಅಲ್ಲಿಯೂ ನೆಲದ ಆಸೆ, ಅಲ್ಲಿಯೂ ಮಿಷನ್ನಿನ ಬಾಗಿಲು, ಅಲ್ಲಿಯೂ ಕಡೆಗೆ ಒಬ್ಬನೇ ಉಳಿಯುವ ಮೊಂಡ ಮನುಷ್ಯ. ಇಗ್ಬೊ ಸಮಾಜದಲ್ಲಿ ಓಸು ಎಂಬ ಹೊರಗಿನವರಿದ್ದರು. ದೇವರಿಗೆ ಬಿಟ್ಟವರೆಂದು ಅವರೊಡನೆ ಬೇರೆಯವರಿಗೆ ಮದುವೆಯಿಲ್ಲ, ಸಮಪಂಕ್ತಿಯಿಲ್ಲ. ಹೊಸ ಮತಕ್ಕೆ ಮೊದಲು ಹೋದವರಲ್ಲಿ ಅವರೂ ಇದ್ದರು. ಯಾಕೆ ಎಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಅಚಿಬೆಯನ್ನು ನಾನು ಗೌರವಿಸುವುದು ಇದಕ್ಕೇ: ತನ್ನ ಜನರ ನ್ಯಾಯವನ್ನು ತೋರಿಸಿದಂತೆಯೇ ಅವರ ಕ್ರೌರ್ಯವನ್ನೂ, ಅವಳಿ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರುವ ಪದ್ಧತಿಯನ್ನೂ, ಮುಚ್ಚದೆ ಬರೆದರು.

ಇನ್ನು ಆಚಾರ ವಿಚಾರ. ಮುಖವಾಡ ಧರಿಸಿ ಪಿತೃಗಳೇ ಊರ ನಡುವೆ ಬಂದು ಕುಳಿತು ವ್ಯಾಜ್ಯ ತೀರಿಸುವ ದೃಶ್ಯ ಆ ಕಾದಂಬರಿಯಲ್ಲಿದೆ. ಮುಖವಾಡದ ಹಿಂದಿರುವವನು ಯಾರೆಂದು ಹೆಂಡತಿಯರಿಗೆ ನಡಿಗೆಯಿಂದಲೇ ತಿಳಿಯುತ್ತದೆ, ಆದರೆ ಯಾರೂ ಹೇಳುವುದಿಲ್ಲ. ಮಂಗಳೂರು ಉಡುಪಿ ಕಡೆಯ ನಮ್ಮ ಸದಸ್ಯರು ಇದನ್ನು ಓದಿದರೆ ಭೂತದ ಕೋಲದಲ್ಲಿ ನಿಂತು ನೋಡಿದಂತೆ ಓದಿಯಾರು. ಹೊಸ ಬೆಳೆಯ ಗೆಣಸನ್ನು ದೇವರಿಗೆ ಅರ್ಪಿಸದೆ ತಿನ್ನುವಂತಿಲ್ಲ. ಕೊಡಗಿನ ಪುತ್ತರಿಯಲ್ಲಿ ಕದಿರು ತೆಗೆಯುವ ಮುಂಚೆ ಹೊಸ ಅಕ್ಕಿ ಉಣ್ಣುವುದುಂಟೇ? ಮನೆಗೆ ಬಂದವರಿಗೆ ಇಗ್ಬೊಗಳು ಮೊದಲು ಕೊಡುವುದು ಕೋಲಾ ಬೀಜ. ಹಿರಿಯನು ಅದನ್ನು ಹಿಡಿದು ಪಿತೃಗಳನ್ನು ನೆನೆದು ಒಡೆದು ಹಂಚಬೇಕು. ಅದಾಗದೆ ಮಾತು ಶುರುವಾಗದು. ನಮ್ಮ ಎಲೆ ಅಡಿಕೆಯ ತಟ್ಟೆಯೇ ತಾನೆ! ರಸಾಯನಶಾಸ್ತ್ರದವರ ಚಪಲಕ್ಕೆ ಒಂದು ಮಾತು ಸೇರಿಸುತ್ತೇನೆ, ಓದುಗರು ಕ್ಷಮಿಸಬೇಕು. ಕೋಲಾ ಬೀಜದಲ್ಲಿರುವುದು ಕಾಫಿಯಲ್ಲಿರುವ ಕೆಫೀನು, ಅಡಿಕೆಯಲ್ಲಿರುವುದು ಅರೆಕೋಲಿನ್. ಎರಡೂ ಆಲ್ಕಲಾಯ್ಡ್‌ಗಳೇ, ಎರಡೂ ಮೈಯನ್ನು ಚುರುಕುಗೊಳಿಸುವಂಥವೇ. ಸಂಘದ ಊಟದಲ್ಲಿ ನಮ್ಮ ಮಕ್ಕಳು ಹಟ ಹಿಡಿದು ಕುಡಿಯುವ ಕೋಕಾಕೋಲಾದ ಹೆಸರಿನ ಉತ್ತರಾರ್ಧ ಬಂದದ್ದೂ ಆ ಬೀಜದಿಂದಲೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಮಂಚಿಕೇರಿಯ ನಟರು ನೈಜೀರಿಯಾದ ಕಥೆಯನ್ನು ಆಡಿದರು ಎಂದ ಮಾತ್ರಕ್ಕೆ ಅವರ ಹಿರಿಯರು ನೈಜೀರಿಯಾದವರಾಗಿರಲಿಲ್ಲ. ಅವರು ಬಂದದ್ದು ಖಂಡದ ಮತ್ತೊಂದು ಮಗ್ಗುಲಿನಿಂದ, ಹೆಚ್ಚಾಗಿ ಮೊಜಾಂಬಿಕ್ ಕಡೆಯ ಪೂರ್ವ ತೀರದಿಂದ. ಪೋರ್ಚುಗೀಸರು ಅವರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಗೋವೆಯ ಒಡೆಯರ ಕೈಯಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ್ದು 1869ರಲ್ಲಿ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಮತ್ತಿತರರು ಸೇರಿ 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನವೊಂದನ್ನು ನಾನು ಆಸಕ್ತಿಯಿಂದ ಓದಿದ್ದೇನೆ. ಅದರಂತೆ ಸಿದ್ದಿಗಳ ಆಫ್ರಿಕನ್ ಪೂರ್ವಜರು ಬಂಟು ಭಾಷೆಗಳನ್ನಾಡುವ ಜನ. ಅವರಿಗೂ ಇಲ್ಲಿನ ನೆರೆಹೊರೆಯವರಿಗೂ ರಕ್ತ ಬೆರೆತದ್ದು ಸುಮಾರು ಎಂಟು ತಲೆಮಾರುಗಳಿಂದ ಈಚೆಗೆ, ಅಂದರೆ ಸುಮಾರು 200 ವರ್ಷಗಳಲ್ಲಿ. ಎಂದರೆ, ಸಿದ್ದಿಗಳಿಗೆ ಇಲ್ಲಿಯೂ ಅಜ್ಜಿಯರಿದ್ದಾರೆ. ಸೋಜಿಗವೆಂದರೆ ಬಂಟು ಭಾಷೆಗಳು ಹೊರಟದ್ದು ನೈಜೀರಿಯಾ ಮತ್ತು ಕ್ಯಾಮರೂನ್ ದೇಶಗಳ ಗಡಿಯ ಸೀಮೆಯಿಂದ, ನಾಲ್ಕೈದು ಸಾವಿರ ವರ್ಷಗಳ ಹಿಂದೆ, ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅಷ್ಟು ಹಿಂದಕ್ಕೆ ಹೋದರೆ ಮಂಚಿಕೇರಿಗೂ ಉಮುವೋಫಿಯಾಕ್ಕೂ ದಾರಿಯುಂಟು. ಆದರೆ ಅಷ್ಟು ಹಿಂದಕ್ಕೆ ಹೋದರೆ ನಮ್ಮ ನಿಮ್ಮ ಅಜ್ಜಂದಿರೂ ಎಲ್ಲಿದ್ದರೋ ಯಾರು ಬಲ್ಲರು!

ಗುಲಾಮರಾಗಿ ಬಂದವರೆಲ್ಲ ಕಾಡಿನಲ್ಲೇ ಉಳಿದರೆಂದೂ ತಿಳಿಯಬಾರದು. ಇತಿಹಾಸದ ಪುಸ್ತಕಗಳಲ್ಲಿ ಹಬ್ಶಿಗಳೆಂದು ಕರೆಸಿಕೊಂಡ, ಅಬಿಸೀನಿಯಾ ಕಡೆಯ ಮೂಲದ ಸರದಾರರು ದಖ್ಖನ್ನಿನ ರಾಜಕೀಯವನ್ನೇ ಆಳಿದರು. ಅಹಮದನಗರದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಳ್ಳುವವರೆಗೆ ಮೊಗಲರಿಗೆ ನಿದ್ದೆಗೆಡಿಸಿದವನು. ನಡುವೆ ಕೆಲಕಾಲ ಬಿಜಾಪುರದ ಚಾಕರಿಯಲ್ಲೂ ಇದ್ದವನು. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹಿಯ ಮಂತ್ರಿ ಇಖ್ಲಾಸ್ ಖಾನನೂ ಹಬ್ಶಿ. ಅವನ ಕಪ್ಪು ಮುಖ ಆ ಕಾಲದ ಚಿತ್ರಗಳಲ್ಲಿ ಸುಲ್ತಾನನ ಪಕ್ಕದಲ್ಲೇ ಘನತೆಯಿಂದ ಕಾಣುತ್ತದೆ. ಬಿಜಾಪುರಕ್ಕೆ ಶಾಲಾ ಪ್ರವಾಸ ಹೋಗಿ ಗುಮ್ಮಟದಲ್ಲಿ ಏಳು ಸಲ ಕೂಗಿ ಬಂದ ನಮಗೆ ಈ ವಿಷಯವನ್ನು ಯಾರೂ ಹೇಳಿರಲಿಲ್ಲ.

ಕಾಡಿನ ಸಿದ್ದಿಗಳದು ಬೇರೆಯೇ ಪಾಡು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ತಾಲ್ಲೂಕುಗಳಲ್ಲಿ, ಅಷ್ಟಿಷ್ಟು ಧಾರವಾಡ ಬೆಳಗಾವಿ ಜಿಲ್ಲೆಗಳಲ್ಲಿ ಹರಡಿಕೊಂಡಿದ್ದಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 10,477 ಮಂದಿ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಮನೆಯಲ್ಲಿ ಬಹುಮಟ್ಟಿಗೆ ಕೊಂಕಣಿ ಬೆರೆತ ಮಾತು, ಸಂತೆ ಶಾಲೆಗಳಲ್ಲಿ ಕನ್ನಡ. ಮತ ಯಾವುದಾದರೂ ಹಿರಿಯರ ಪೂಜೆಯನ್ನು ಬಿಟ್ಟವರಿಲ್ಲ, ಡಮಾಮಿ ವಾದ್ಯದ ದನಿಗೆ ಕುಣಿಯದವರಿಲ್ಲ. ಬಹುಮಂದಿಗೆ ಸ್ವಂತ ಜಮೀನಿಲ್ಲ. ಬೇರೆಯವರ ತೋಟದಲ್ಲಿ ಕೂಲಿ, ಕಾಡಿನಲ್ಲಿ ಜೇನು ಸೀಗೆಕಾಯಿ, ಅರಣ್ಯದ ಅಂಚಿನಲ್ಲಿ ತುಂಡು ಗದ್ದೆ, ಅದಕ್ಕೆ ಪಟ್ಟೆಯಿಲ್ಲ. ಟಿ. ಸಿ. ಪಾಲಾಕ್ಷಪ್ಪನವರು ಅವರನ್ನು ಕುರಿತು ಪುಸ್ತಕವನ್ನೇ ಬರೆದದ್ದು 1976ರಲ್ಲಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡವೆಂಬ ಮಾನ್ಯತೆ ದೊರೆತದ್ದು 2003ರಲ್ಲಿ. ಧಾರವಾಡ ಬೆಳಗಾವಿಗಳವರಿಗೆ 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಬುಡ್ನ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದಲ್ಲಿ ಶಾಸಕರಾದ ಮೊದಲ ಸಿದ್ದಿ ಎನಿಸಿದರು. ಜಿಲ್ಲೆಯ ಒಳಗಿದ್ದರೆ ಪಂಗಡ, ಗಡಿಯಾಚೆ ಸಂಬಂಧಿಕರ ಮನೆಯಲ್ಲಿದ್ದರೆ ಅಲ್ಲ, ಎಂಬ ಸ್ಥಿತಿ 17 ವರ್ಷ ಸಾಗಿತೆಂಬುದನ್ನು ಸಹ ಗಮನಿಸಬೇಕು.

ಸರಕಾರಕ್ಕೆ ಅವರ ನೆನಪು ಒಮ್ಮೆ ವಿಚಿತ್ರ ರೀತಿಯಲ್ಲಿ ಬಂದಿತ್ತು. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು, ಸಚಿವೆ ಮಾರ್ಗರೆಟ್ ಆಳ್ವಾ ಅವರ ಉತ್ಸಾಹದಿಂದ, ಸಿದ್ದಿ ಮಕ್ಕಳನ್ನು ಆರಿಸಿ ಓಟ ಜಿಗಿತಗಳ ತರಬೇತಿಗೆ ಸೇರಿಸಿತು. ಆಫ್ರಿಕಾದ ರಕ್ತವಲ್ಲವೇ, ಪದಕ ತಂದೇ ತರುತ್ತಾರೆ ಎಂಬ ಎಣಿಕೆ. ಮಕ್ಕಳು ಚೆನ್ನಾಗಿಯೇ ಓಡಿದರು. ಆದರೆ 1993ರ ಹೊತ್ತಿಗೆ ಯೋಜನೆಯೇ ನಿಂತುಹೋಯಿತು. ಮಕ್ಕಳಿಗೆ ಊಟ, ಬೂಟು, ಗುರು ಸಿಕ್ಕಿದ್ದು ಒಳ್ಳೆಯದೇ, ಅದನ್ನು ಹಳಿಯಲಾರೆ. ಆದರೆ ಒಬ್ಬ ಓಟಗಾರನನ್ನು ತಯಾರಿಸಲು ಹತ್ತು ವರ್ಷ ಬೇಕು, ಹಾಲು ಮೊಟ್ಟೆ ಬೇಕು, ಓಟ ನಿಂತ ಮೇಲೆ ಒಂದು ನೌಕರಿಯ ಭರವಸೆ ಬೇಕು. ರಕ್ತವನ್ನು ನಂಬಿದವರು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದೇ ನನ್ನ ಅನಿಸಿಕೆ. ಇದರ ಮಗ್ಗುಲಲ್ಲಿ ನೀನಾಸಮ್ ಮಾಡಿದ್ದನ್ನು ಇಟ್ಟು ನೋಡಿ. ಅವರು ಸಿದ್ದಿಗಳ ಕೈಗೆ ಒಂದು ಕಥೆಯನ್ನು ಕೊಟ್ಟರು, ಮಾತು ಕೊಟ್ಟರು. ಇಂದು ಗಿರಿಜಾ ಸಿದ್ದಿ ರಂಗದ ಮೇಲಿದ್ದಾರೆ, ಪ್ರಶಾಂತ್ ಸಿದ್ದಿ ಕನ್ನಡ ಚಲನಚಿತ್ರಗಳಲ್ಲಿದ್ದಾರೆ. ಮೊನ್ನೆ ಅಂಥದೊಂದು ಚಿತ್ರ ನೋಡುತ್ತಿದ್ದಾಗ ನೆರೆಮನೆಯ ಹುಡುಗ, "ಈ ಅಂಕಲ್‌ಗೆ ಕನ್ನಡ ಡಬ್ ಮಾಡಿದ್ದು ಯಾರು?" ಎಂದು ಕೇಳಿದ. ಅವನ ಹುಟ್ಟೂರು ಸಿಂಗಪುರ, ಅವನ ಕನ್ನಡಕ್ಕಿಂತ ಪ್ರಶಾಂತರ ಕನ್ನಡ ನೂರು ಪಾಲು ಮೇಲು. ಹುಡುಗನದೇನೂ ತಪ್ಪಿಲ್ಲ.

ನಮಗೆ ಈ ವಿಷಯ ಬೇಗ ಅರ್ಥವಾಗಬೇಕು. ಇಲ್ಲಿ ನಮ್ಮನ್ನು ನೋಡಿದವರು "ನೀವು ತಮಿಳರಾ?" ಎನ್ನುತ್ತಾರೆ, ಅಲ್ಲ ಎಂದರೆ "ಹಾಗಾದರೆ ಹಿಂದಿ?" ಎನ್ನುತ್ತಾರೆ. ಶಾಲೆಗಳಲ್ಲಿ ತಮಿಳಿನ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕಲಿಯಲು ಅವಕಾಶವುಂಟು. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತಿದೆ, ಭಾರತೀಯರಿಗೆ ಕೊಡುವುದಿಲ್ಲ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆಂದು. ಅಡುಗೆಯ ವಾಸನೆಯಂತೆ! ಇದನ್ನು ನಾವು ಸಂಘದ ಊಟದ ಸಾಲಿನಲ್ಲಿ ನಿಂತು ಎಷ್ಟು ನೋವಿನಿಂದ ಹೇಳಿಕೊಳ್ಳುತ್ತೇವೆಯೋ, ಅದೇ ಸಾಲಿನಲ್ಲಿ ನಿಂತು ಅಷ್ಟೇ ಸಲೀಸಾಗಿ ಊರಿನಲ್ಲಿ ನಮ್ಮ ಫ್ಲಾಟನ್ನು ಆಫ್ರಿಕಾದ ವಿದ್ಯಾರ್ಥಿಗಳಿಗೆ ಕೊಡಬೇಡವೆಂದು ಏಜೆಂಟನಿಗೆ ಹೇಳಿದ್ದೇವೆ ಎನ್ನುತ್ತೇವೆ. ವಧುವರರ ವಿಷಯ ಬಂದಾಗ "ಹುಡುಗಿ ಸ್ವಲ್ಪ ಕಪ್ಪು, ಆದರೆ ಲಕ್ಷಣವಾಗಿದ್ದಾಳೆ" ಎಂಬ ಆ "ಆದರೆ"ಯನ್ನು ಇನ್ನೂ ಬಿಟ್ಟಿಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಒಬ್ಬ ಹೆಂಗಸಿನ ಸಾವಿಗೆ ಕಾರಣವಾದಾಗ, ಗುಂಪು ಸೇರಿದವರು ಹಿಡಿದು ಹೊಡೆದದ್ದು ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು. ಸುಡಾನು ಎಲ್ಲಿ, ಟಾಂಜಾನಿಯಾ ಎಲ್ಲಿ! ಆ ಬೀದಿಯಲ್ಲಿ ಅಂದು ಯಲ್ಲಾಪುರದಿಂದ ಕೆಲಸಕ್ಕೆ ಬಂದ ಸಿದ್ದಿ ಹುಡುಗಿಯೊಬ್ಬಳು ಹಾದುಹೋಗಿದ್ದರೆ ಅವಳನ್ನು ಬಿಡುತ್ತಿದ್ದರೇ? ಅವಳು ಕನ್ನಡದಲ್ಲಿ ಕೂಗಿಕೊಂಡರೂ ಕೇಳುವ ಕಿವಿ ಅಲ್ಲಿರುತ್ತಿತ್ತೇ ಎಂಬ ಸಂದೇಹ ನನ್ನದು.

ಕಾರ್ಯಕಾರಿ ಸಮಿತಿಯ ಮುಂದೆ ಈ ವಿಷಯವನ್ನು ಮಾತಿನಲ್ಲಿ ಪ್ರಸ್ತಾಪಿಸಿದಾಗ ಹಿರಿಯರೊಬ್ಬರು, "ಹಾಗಾದರೆ ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ಮಕ್ಕಳಿಗೆ ಸಿದ್ದಿ ಕುಣಿತ ಕಲಿಸೋಣ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಾರೆ. ನಮ್ಮ ಮಕ್ಕಳ ಮುಖಕ್ಕೆ ಮಸಿ ಬಳಿದು, ಸೊಂಟಕ್ಕೆ ಎಲೆ ಕಟ್ಟಿ ಕುಣಿಸುವುದಕ್ಕಿಂತ ಸುಮ್ಮನಿರುವುದೇ ಲೇಸು. ಸಿದ್ದಿ ಕಲಾವಿದರನ್ನೇ ಕರೆಸುವ ಶಕ್ತಿ ಸಂಘಕ್ಕೆ ಎಂದಾದರೂ ಬಂದರೆ ಗಾಯಕರನ್ನೂ ನಾಟಕದವರನ್ನೂ ಕರೆಸುವಂತೆ ಸಂಭಾವನೆ ಕೊಟ್ಟು, ಹೆಸರು ಹಿಡಿದು ಕರೆಸೋಣ.

ಅಲ್ಲಿಯವರೆಗೆ ಕೈಲಾಗುವ ಎರಡು ಕೆಲಸಗಳಿವೆ. ಒಂದು, ಕೌದಿ. ನಮ್ಮ ಅಜ್ಜಿಯರು ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನೇ ಸಿದ್ದಿ ಹೆಂಗಸರೂ ಹೊಲಿಯುತ್ತಾರೆ, ಕವಂದಿ ಎನ್ನುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ; ಕ್ರೈಸ್ತರ ಮನೆಯದರಲ್ಲಿ ಶಿಲುಬೆ ಕಾಣಬಹುದು, ಮುಸ್ಲಿಮರದರಲ್ಲಿ ಅರ್ಧಚಂದ್ರ; ನಾಲ್ಕು ಮೂಲೆಗೂ ಬಟ್ಟೆ ಮಡಿಸಿದ ಹೂವು ಇಡದೆ ಮುಗಿಸುವುದಿಲ್ಲ. ಅವನ್ನು ಹೊರಜಗತ್ತಿಗೆ ಪರಿಚಯಿಸಿದವರು ಹೆನ್ರಿ ಡ್ರೂವಲ್ ಎಂಬ ಅಮೆರಿಕನ್ ಪ್ರಾಧ್ಯಾಪಕರು. ಅವರ ಮೊದಲ ವ್ಯಾಸಂಗ ನೈಜೀರಿಯಾದ ಯೊರುಬಾ ಕಲೆ ಎಂಬುದು ಇಲ್ಲಿ ಹೇಳತಕ್ಕ ಮಾತು. ಊರಿಗೆ ಹೋಗುವವರು, ಉತ್ತರ ಕನ್ನಡದ ಕಡೆಯವರು ಮುಖ್ಯವಾಗಿ, ಹೊಲಿದವರ ಕೈಯಿಂದಲೇ ಒಂದೆರಡನ್ನು ಸರಿಯಾದ ಬೆಲೆ ಕೊಟ್ಟು ಕೊಂಡು ತಂದರೆ ಮಕ್ಕಳ ಕನ್ನಡ ತರಗತಿಯಲ್ಲಿ ನೆಲದ ಮೇಲೆ ಹಾಸಬಹುದು. ಗೋಡೆಗೆ ತೂಗುಹಾಕುವುದು ಬೇಡ, ಅದರ ಮೇಲೆ ಕೂರಲಿ.

ಇನ್ನೊಂದು, ಓದು. ಅಚಿಬೆಯ ಕಾದಂಬರಿ ಕನ್ನಡದಲ್ಲಿ ಬಂದಿದೆ. ಇಂಗ್ಲಿಷ್ ಪ್ರತಿ ಇಲ್ಲಿನ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಪಿತೃಗಳು ನ್ಯಾಯ ಹೇಳುವ ಅಧ್ಯಾಯವನ್ನೂ ಮಗ ಇಗರ್ಜಿಗೆ ಸೇರುವ ಅಧ್ಯಾಯವನ್ನೂ ತಾಳಮದ್ದಳೆಯ ರೀತಿಯಲ್ಲಿ, ವೇಷವಿಲ್ಲದೆ, ಕುಳಿತು ಓದಲು ಏಳೆಂಟು ಜನ ಸಾಕು. ಹೈಸ್ಕೂಲು ಮಕ್ಕಳು ಸೇರಿದರೆ ಇನ್ನೂ ಒಳ್ಳೆಯದು. ಹೆಸರುಗಳ ಉಚ್ಚಾರಣೆ ಅವರಿಗೆ ನಮಗಿಂತ ಬೇಗ ಹತ್ತುತ್ತದೆ. ನಮ್ಮ ಮನೆಯ ಕೂಟಕೋಣೆಯಲ್ಲಿ ಹದಿನೈದು ಮಂದಿಗೆ ಜಾಗವಿದೆ, ಕಾಫಿಯೂ ಸಿಗುತ್ತದೆ. ಮನಸ್ಸಿರುವವರು ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬಹುದು.